ಚಾವಿ ಗೊಂಚಲು

(ಮಲ್ಪೆಯ ಸಭೆಗೆ ನನ್ನ ನಂತರ ಬರುವ ಅಯ್ಯನವರಿಗೆ)

ನಾನು ಬಂದ ದಿನ ಕೈಗೆ ಒಂದು ಗೊಂಚಲು ಕೊಟ್ಟರು.
ಹನ್ನೊಂದು ಚಾವಿ.
ಹಿಂದಿನ ಅಯ್ಯನವರ ಬೆರಳಿನ ಬೆವರು
ಅದರ ಮೇಲೆ ಇನ್ನೂ ಆರಿರಲಿಲ್ಲ.
ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಡೆದಲ್ಲೆಲ್ಲ ಝಣ ಝಣ.
ದಡದಲ್ಲಿ ಮೀನು ಒಣಗಿಸುವ ಹೆಂಗಸರಿಗೂ ಗೊತ್ತಾಗುತ್ತಿತ್ತು
ಸಭಾಪಾಲಕರು ಬಂದರೆಂದು.
ನಿಜ ಹೇಳುತ್ತೇನೆ, ಆ ಸದ್ದು ನನಗೆ ಹಿತವಾಗಿತ್ತು.

ಎರಡು ವರ್ಷ ಗಂಟೆ ನಾನೇ ಎಳೆದೆ, ಪಂಪು ನಾನೇ ಹಾಕಿದೆ,
ಬಲ್ಬು ಹೋದರೆ ಸ್ಟೂಲು ಹತ್ತಿದೆ,
ಕೊಯ್ಲಿನ ಹಬ್ಬದ ಏಲಂನಲ್ಲಿ
ಬಂದರಿನ ದಲ್ಲಾಳಿಗಿಂತ ಜೋರಾಗಿ
ಹೀರೆಕಾಯಿಗೆ ಬೆಲೆ ಕೂಗಿದೆ.
ಕೂಗಿ ಕೂಗಿ, ಮರುವಾರ
ಪ್ರಸಂಗಕ್ಕೆ ನಿಂತು ಬಾಯಿ ತೆರೆದರೆ
ಗಾಳಿ ಮಾತ್ರ ಬಂತು.

ಇಪ್ಪತ್ತಾರು ಮನೆಯ ಸಭೆ ನನ್ನನ್ನೇ ನೋಡುತ್ತ ಕೂತಿತು,
ಅಳಿವೆಯಲ್ಲಿ ಇಂಜಿನ್ ಕೆಟ್ಟ ದೋಣಿಯನ್ನು ನೋಡುವ ಹಾಗೆ.
ಆಗ ಮೂರನೆಯ ಬೆಂಚಿನಿಂದ ಸುಗಂಧಿ ಸಾಲಿನ್ಸ್,
ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವಳು,
ಎದ್ದು ಬಂದಳು. ನನ್ನ ಕನ್ನಡಕವನ್ನೇ ಕೇಳಿ ಹಾಕಿಕೊಂಡು
ಪಾಠ ಓದಿದಳು. ತಡವರಿಸಿದಳು.
ಒಂದು ವಚನ ಬಿಟ್ಟೇಬಿಟ್ಟಳು.
ಆಕಾಶವೇನೂ ಕಳಚಿ ಬೀಳಲಿಲ್ಲ.
ಏಬೆಲ್ ಕರ್ಕಡ ಪ್ರಾರ್ಥನೆಗೆ ನಿಂತರು,
ಡೀಸೆಲ್ ದರದಿಂದ ಹಿಡಿದು
ತಮ್ಮನ ಜೊತೆಗಿನ ಬೇಲಿ ಜಗಳದ ತನಕ
ಹದಿನೆಂಟು ನಿಮಿಷ.
ಆ ಜಗಳದ ಸುದ್ದಿ,
ಎರಡು ವರ್ಷ ಅವರ ಮನೆಯಲ್ಲಿ ಚಹಾ ಕುಡಿದ ನನಗೆ
ಗೊತ್ತೇ ಇರಲಿಲ್ಲ.

ಮರುದಿನ ಮೊದಲ ಚಾವಿ ಬಿಚ್ಚಿದೆ.
ಬಿಚ್ಚುವಾಗ ಉಗುರು ಮುರಿಯಿತು.

ಕಾಣಿಕೆ ಪೆಟ್ಟಿಗೆಯದ್ದು ಸುಗಂಧಿಗೆ.
ಹಾರ್ಮೋನಿಯಂ ಕಪಾಟಿನದ್ದು ಆಶಿತ್ ಕುಂದರನಿಗೆ.
ಹದಿನಾರರ ಹುಡುಗ, ಮೊದಲ ಮಳೆಗೇ ಕಿಟಕಿ ಮುಚ್ಚಲು ಮರೆತ;
ಪಂಚಮ ಈಗಲೂ ಸ್ವಲ್ಪ ಕೆಮ್ಮುತ್ತದೆ. ಬೈಯಬೇಡಿ.
ಅದನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದವನೂ ಅವನೇ.
ಅಡುಗೆ ಕೋಣೆಯದ್ದಕ್ಕೆ ಮಾತ್ರ
ದಾಮರಿಬಾಯಿಗೂ ಅವರ ಸೊಸೆಗೂ ಮಾತು ನಿಂತಿತು.
ಇಬ್ಬರಿಗೂ ಒಂದೊಂದು ಮಾಡಿಸಿ ಕೊಟ್ಟೆ.
ಮಾತು ಶುರುವಾಗಿಲ್ಲ. ಚಹಾ ಎರಡು ಸಲ ಸಿಗುತ್ತದೆ.

ಸುಲಭವಾಗಿತ್ತೆಂದು ತಿಳಿಯಬೇಡಿ.
ಕೊಟ್ಟ ಮೇಲೂ ರಾತ್ರಿ ಹನ್ನೊಂದಕ್ಕೆ ಟಾರ್ಚು ಹಿಡಿದು ಹೋಗಿ
ಬೀಗ ಎಳೆದೆಳೆದು ನೋಡುತ್ತಿದ್ದೆ.
ಒಂದು ರಾತ್ರಿ ಕತ್ತಲ ಮೆಟ್ಟಿಲಲ್ಲಿ ಏಬೆಲ್ ಕೂತಿದ್ದರು.
“ಹಾಕಿದ್ದೇನೆ ಅಯ್ಯಾ,” ಅಂದರು, ಅಷ್ಟೆ.
ಆ ದನಿಯಲ್ಲಿ ಸಿಟ್ಟಿದ್ದಿದ್ದರೆ
ತಡೆದುಕೊಳ್ಳಬಹುದಿತ್ತು.

ಗೋಡೆಯ ಹಳದಿ ಬಣ್ಣ ನನ್ನದಲ್ಲ. ನಾನು ಬಿಳಿ ಎಂದಿದ್ದೆ.
ಸಭಾಮಂಡಳಿಯಲ್ಲಿ ಏಳಕ್ಕೆ ಒಂದರಿಂದ ಸೋತೆ.
ಸಂಜೆ ಕಡಲ ಕಡೆಯ ಬಿಸಿಲು ಒಳಗೆ ಬಿದ್ದಾಗ ಒಮ್ಮೆ ನೋಡಿ.
ಅವರು ಹೇಳಿದ್ದು ಸರಿ.
ಇನ್ನೂ ಅವರೆದುರು ಒಪ್ಪಿಕೊಂಡಿಲ್ಲ.

ಯಾರೂ ಕೇಳದೆ ಉಳಿದದ್ದು ಸಮಾಧಿ ಗೇಟಿನ ಚಾವಿ.
ಅದು ನನ್ನದೇ ಪಾಲು ಎಂದುಕೊಂಡು ಮೊಳೆಗೆ ತೂಗಿಸಿದ್ದೆ.
ಆಗಸ್ಟಿನಲ್ಲಿ, ನನ್ನ ಜೊತೆಗಿದ್ದ ಅಮ್ಮ ತೀರಿಕೊಂಡ ಬೆಳಿಗ್ಗೆ
ಕೈ ಚಾಚಿದರೆ ಮೊಳೆ ಬರಿದಾಗಿತ್ತು.
ಓಡಿದೆ. ಗೇಟು ಆಗಲೇ ತೆರೆದಿತ್ತು.
ಮಳೆಯಲ್ಲಿ ಆರು ಜನ ಮಣ್ಣು ತೆಗೆಯುತ್ತಿದ್ದರು,
ಏಬೆಲರೂ, ಗುಂಡಿಯ ಆಚೆ ಬದಿಯಲ್ಲಿ ಅವರ ತಮ್ಮನೂ.
ಯಾರು ಒಯ್ದರೆಂದು ನಾನು ಕೇಳಲಿಲ್ಲ.
ಅದು ವಾಪಸು ಬರಲೂ ಇಲ್ಲ.

ಹಾಗಾಗಿ ನಿಮಗೆ ಕೊಡಲು ಗೊಂಚಲಿಲ್ಲ.
ಖಾಲಿ ಬಳೆ ಮೇಜಿನ ಎಡದ ಖಾನೆಯಲ್ಲಿದೆ.
ಪಂಪಿನ ಸ್ವಿಚ್ಚು ಶಾಕ್ ಹೊಡೆಯುತ್ತದೆ,
ಚಪ್ಪಲಿ ಹಾಕಿಕೊಂಡೇ ಹೋಗಿ; ಅಥವಾ ಹೋಗಲೇಬೇಡಿ.
ಆದಿತ್ಯವಾರ ಏಳೂಮುಕ್ಕಾಲಿಗೆ
ಬಾಗಿಲ ಹೊರಗೆ ಬಂದು ನಿಂತಿರಿ.
ಯಾರಾದರೂ ತೆರೆಯುತ್ತಾರೆ.